ನೆಸೆಬರ್‌ನಲ್ಲಿ ಗ್ರೀಕರನ್ನು ಎಲ್ಲಿ ಹುಡುಕುವುದು? ಕಪ್ಪು ಸಮುದ್ರದ ದಡಕ್ಕೆ ಹೋಗುವವರ ಚರ್ಚೆ

ಕುಮಟೆಯವಳು, ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಾವು ಆರು ವರ್ಷಗಳಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇವೆ. ಬರುವ ಸೆಪ್ಟೆಂಬರಿನಲ್ಲಿ ಊರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು; ಜೀವನವಿಡೀ ಮಕ್ಕಳಿಗೆ ಗ್ರೀಕರ ನಗರರಾಜ್ಯಗಳ ಪಾಠ ಹೇಳಿದವರಿಗೆ ಒಂದನ್ನಾದರೂ ಕಣ್ಣಾರೆ ನೋಡುವ ಆಸೆ. ಅಮ್ಮನಿಗೆ ಮಂಡಿನೋವು, ಹೀಗಾಗಿ ಮೆಟ್ಟಿಲುಗಳೇ ತುಂಬಿರುವ ಗ್ರೀಸಿನ ದ್ವೀಪಗಳ ಯೋಚನೆಯನ್ನು ಕೈಬಿಟ್ಟಿದ್ದೇವೆ. ಬಲ್ಗೇರಿಯಾದ ಕಪ್ಪು ಸಮುದ್ರದ ದಡದಲ್ಲಿರುವ ನೆಸೆಬರ್ ಎಂಬ ಊರು ಗ್ರೀಕರ ವಸಾಹತಾಗಿತ್ತು, ನೆಲ ಸಮತಟ್ಟಾಗಿದೆ, ಖರ್ಚೂ ಕಡಿಮೆ ಎಂದು ಗೆಳತಿಯೊಬ್ಬಳು ಹೇಳಿದಳು. ಅಲ್ಲಿ ಗ್ರೀಕರ ಕಾಲದ್ದು ಎನ್ನುವಂಥದ್ದು ನಿಜವಾಗಿಯೂ ಏನಾದರೂ ಉಳಿದಿದೆಯೇ, ಇಲ್ಲ ಹೋಟೆಲಿನವರ ಜಾಹೀರಾತಿಗೆ ಸೀಮಿತವಾದ ಮಾತೇ? ಎಷ್ಟು ದಿನ ಬೇಕಾದೀತು, ಸಸ್ಯಾಹಾರಿಗಳಾದ ಹಿರಿಯರಿಗೆ ಊಟದ ಗತಿ ಏನು ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಅರಸೀಕೆರೆ ಜಂಕ್ಷನ್, ಏಪ್ರಿಲ್ 12

ಮೇಡಂ, ಹೋಗಲೇಬೇಡಿ ಎಂದು ಹೇಳಲಾರೆ, ಆದರೆ ಅಪ್ಪನವರಿಗೆ ಹೆಚ್ಚಿನ ಆಸೆ ಹುಟ್ಟಿಸಬೇಡಿ. ನಾವು ನಾಲ್ವರು ಸಹೋದ್ಯೋಗಿಗಳು 2019ರ ಜುಲೈನಲ್ಲಿ ಪಕ್ಕದ ಸನ್ನಿ ಬೀಚ್‌ನಲ್ಲಿ ಕೊಠಡಿ ಹಿಡಿದಿದ್ದೆವು. ರಾತ್ರಿ ಮೂರು ಗಂಟೆಯವರೆಗೆ ಡಿಜೆ ಸದ್ದು, ಹಗಲಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಹರಡಿದ ಬಾಡಿಗೆಯ ಕೊಡೆಗಳು. ಹನ್ನೊಂದು ಗಂಟೆಗೆ ನೆಸೆಬರ್‌ಗೆ ಹೋದರೆ ಓಣಿಯ ಎರಡೂ ಬದಿಗೆ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆಗಳು, ಪ್ಲಾಸ್ಟಿಕ್ ಖಡ್ಗಗಳು, ಒಂದೇ ಅಚ್ಚಿನ ಟೀ ಶರ್ಟುಗಳು. ಕಮಿಷನ್ ಇಲ್ಲವೆಂದು ದೊಡ್ಡ ಬೋರ್ಡು ಹಾಕಿದ್ದ ಹಣ ಬದಲಾಯಿಸುವ ಅಂಗಡಿಯೊಂದರಲ್ಲಿ ನೂರು ಯೂರೋ ಕೊಟ್ಟು ಲೆಕ್ಕ ಹಾಕಿದಾಗ ಐದರಲ್ಲೊಂದು ಪಾಲು ಕೈಬಿಟ್ಟು ಹೋಗಿತ್ತು. ಇಡೀ ಊರಿನಲ್ಲಿ ನನಗೆ ಗ್ರೀಕ್ ಎಂದು ಕಂಡದ್ದು ಊಟದ ಪಟ್ಟಿಯಲ್ಲಿದ್ದ ಗ್ರೀಕ್ ಸಲಾಡ್ ಮಾತ್ರ.

ಸೋಫಿಯಾ ನಿವಾಸಿ, ಏಪ್ರಿಲ್ 13

ನಾನು ಒಂಬತ್ತು ವರ್ಷಗಳಿಂದ ಬಲ್ಗೇರಿಯಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಅರಸೀಕೆರೆಯವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅವರು ನೋಡಿದ್ದು ಜುಲೈ ತಿಂಗಳ ಹನ್ನೊಂದು ಗಂಟೆಯ ನೆಸೆಬರ್. ಅದೇ ಊರು ಸೆಪ್ಟೆಂಬರಿನ ಬೆಳಿಗ್ಗೆ ಆರೂವರೆಗೆ ಬೇರೆಯೇ ಆಗಿರುತ್ತದೆ.

ಮೊದಲು ಭೂಗೋಳವನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಹಲವರು ಇಲ್ಲೇ ಎಡವುತ್ತಾರೆ. ನೆಸೆಬರ್ ಹೆಸರಿನಲ್ಲಿ ಎರಡು ಊರುಗಳಿವೆ. ಹಳೆಯದು ಸಮುದ್ರದೊಳಕ್ಕೆ ಚಾಚಿದ ಬಂಡೆಗಲ್ಲಿನ ಪುಟ್ಟ ಪರ್ಯಾಯ ದ್ವೀಪ. ಉದ್ದ ಸುಮಾರು 850 ಮೀಟರ್, ಅಗಲ ಸುಮಾರು 300 ಮೀಟರ್, ಅಷ್ಟೇ. ಹೊಸದು ಒಳನಾಡಿನ ಬದಿಗಿದೆ. ಎರಡನ್ನೂ ಸಪೂರವಾದ ಒಂದು ಸೇತುದಾರಿ ಜೋಡಿಸುತ್ತದೆ. ಅದರ ಮೇಲೆ ಮರದ ಗಾಳಿಯಂತ್ರವೊಂದು ನಿಂತಿದೆ, ಎಲ್ಲರ ಫೋಟೋದಲ್ಲಿಯೂ ಬರುವುದು ಅದೇ. ಉತ್ತರಕ್ಕಿರುವ ಸನ್ನಿ ಬೀಚ್ ಇತಿಹಾಸವಿಲ್ಲದ ಊರು; 1958ರಲ್ಲಿ ಸರಕಾರ ಮರಳದಿಬ್ಬಗಳ ಮೇಲೆ ಕಟ್ಟಲಾರಂಭಿಸಿದ ವಿಹಾರಧಾಮ. ಅಲ್ಲಿ ಉಳಿದುಕೊಂಡು ನೆಸೆಬರ್ ನೋಡಲು ಬಂದವರು ಬಸ್ಸಿನ ಜೊತೆಗೇ ಬಂದು ಬಸ್ಸಿನ ಜೊತೆಗೇ ಹೋಗುತ್ತಾರೆ. ತಾವು ಹಳೆಯ ಊರಿನ ಒಳಗೇ ಒಂದು ಮನೆಯಲ್ಲಿ ಕೊಠಡಿ ಹಿಡಿಯಿರಿ. ಕಾಲುದಾರಿಗಳಿಗೆ ಉರುಟು ಕಲ್ಲು ಹಾಸಿರುವುದರಿಂದ ಅಮ್ಮನವರು ಹಿಮ್ಮಡಿ ಎತ್ತರದ ಚಪ್ಪಲಿ ತರಬಾರದು ಎನ್ನುವುದನ್ನು ಬಿಟ್ಟರೆ ನಡೆಯುವ ಕಷ್ಟ ಹೆಚ್ಚಿಲ್ಲ.

ಬೇಸಿಗೆಯಲ್ಲಿ ಜರ್ಮನಿಯ ಹಲವು ನಗರಗಳಿಂದ ಬುರ್ಗಾಸ್‌ಗೆ ನೇರ ವಿಮಾನಗಳಿರುತ್ತವೆ. ವಿಮಾನ ನಿಲ್ದಾಣ ಬುರ್ಗಾಸ್ ನಗರದಿಂದ ನೆಸೆಬರ್ ಕಡೆಗಿನ ದಾರಿಯಲ್ಲೇ ಇದೆ. ಬಲ್ಗೇರಿಯಾ 2024ರ ಮಾರ್ಚ್ ಕೊನೆಯಿಂದ ವಿಮಾನ ಮತ್ತು ಸಮುದ್ರ ಮಾರ್ಗಕ್ಕೂ 2025ರ ಜನವರಿ 1ರಿಂದ ರಸ್ತೆ ಮಾರ್ಗಕ್ಕೂ ಷೆಂಗೆನ್ ವಲಯದೊಳಗೆ ಬಂದಿರುವುದರಿಂದ, ಜರ್ಮನಿಗೆಂದು ಪಡೆದ ಷೆಂಗೆನ್ ವೀಸಾದಲ್ಲಿಯೇ ಅಪ್ಪ ಅಮ್ಮ ಇಲ್ಲಿಗೂ ಬರಬಹುದು. ಒಟ್ಟು ದಿನಗಳ ಲೆಕ್ಕ ಮಾತ್ರ ತಪ್ಪಬಾರದು. ಇನ್ನು ಹಣ ಬದಲಾಯಿಸುವ ಅಂಗಡಿಯ ಕಥೆ ಮುಗಿದ ಅಧ್ಯಾಯ. 2026ರ ಜನವರಿ 1ರಿಂದ ಇಲ್ಲಿಯೂ ಯೂರೋ ನಡೆಯುತ್ತದೆ.

ಇನ್ನೊಂದು ಮಾತು. ಇಲ್ಲಿನವರು ‘ಹೌದು’ ಎನ್ನಲು ತಲೆಯನ್ನು ಅತ್ತಿತ್ತ ಅಲ್ಲಾಡಿಸುತ್ತಾರೆ, ‘ಇಲ್ಲ’ ಎನ್ನಲು ಮೇಲಕ್ಕೆತ್ತುತ್ತಾರೆ. ಯುರೋಪಿನ ಉಳಿದವರೆಲ್ಲ ಇದರಿಂದ ಗಲಿಬಿಲಿಗೊಳ್ಳುತ್ತಾರೆ. ನಮ್ಮವರಿಗೆ ಅರ್ಧ ಗಂಟೆಯಲ್ಲಿ ಒಗ್ಗಿಹೋಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು, ಏಪ್ರಿಲ್ 14

ಸಮಾಜ ವಿಜ್ಞಾನದ ಮೇಷ್ಟ್ರೊಬ್ಬರು ಹೊರಟಿದ್ದಾರೆಂದರೆ ಇನ್ನೊಬ್ಬ ಮೇಷ್ಟ್ರು ಸುಮ್ಮನಿರುವುದು ಹೇಗೆ? ನಾನು ಮಗಳ ಮನೆಗೆ ಹೋಗಿದ್ದಾಗ ಈ ದಡದಲ್ಲಿ ಎಂಟು ದಿನ ಕಳೆದಿದ್ದೇನೆ.

ಆ ಬಂಡೆಯ ಮೇಲೆ ಮೊದಲು ಇದ್ದವರು ಥ್ರೇಸಿಯನ್ನರು, ಬಾಲ್ಕನ್ ಪ್ರದೇಶದ ಪ್ರಾಚೀನ ಜನ. ಊರಿನ ಹಳೆಯ ಹೆಸರು ಮೆನೆಬ್ರಿಯಾ ಎಂದೂ, ಥ್ರೇಸಿಯನ್ನರ ಭಾಷೆಯಲ್ಲಿ ‘ಬ್ರಿಯಾ’ ಎಂದರೆ ಊರು, ಹೀಗಾಗಿ ಇದು ಮೆನಾಸ್ ಎಂಬವನ ಊರು ಎಂದೂ ಭೂಗೋಳಕಾರ ಸ್ಟ್ರಾಬೊ ವಿವರಿಸಿದ್ದಾನೆ. ನಮ್ಮ ಊರುಗಳ ಹೆಸರಿನ ಕೊನೆಗೆ ‘ಹಳ್ಳಿ’, ‘ಪುರ’ ಸೇರುವ ಹಾಗೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಗ್ರೀಸಿನ ಮೆಗಾರಾ ನಗರದ ಕಡೆಯ ಡೋರಿಯನ್ ಗ್ರೀಕರು ಇಲ್ಲಿ ನೆಲೆಯೂರಿ ಅದನ್ನು ಮೆಸೆಂಬ್ರಿಯಾ ಮಾಡಿಕೊಂಡರು. ಈಗಿನ ತುರ್ಕಿಯ ದಡದ ಅಯೋನಿಯಾದಲ್ಲಿ ಗ್ರೀಕರು ಎಬ್ಬಿಸಿದ ದಂಗೆಯನ್ನು ಪರ್ಷಿಯನ್ನರು ಅಡಗಿಸಿದ ಮೇಲೆ, ಶತ್ರುಗಳ ಹಡಗು ಬರುವುದನ್ನೂ ಕಾಯದೆ ಬೈಜಾಂಟಿಯಮ್ (ಇಂದಿನ ಇಸ್ತಾಂಬುಲ್) ಮತ್ತು ಅದರ ಎದುರು ದಡದ ಕ್ಯಾಲ್ಸಿಡಾನ್‌ನ ಜನ ಊರು ಬಿಟ್ಟು ಓಡಿಬಂದು ಮೆಸೆಂಬ್ರಿಯಾದಲ್ಲಿ ನೆಲಸಿದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆ ಊರುಗಳೂ ಮೆಗಾರಾದ ಜನರೇ ಕಟ್ಟಿದವು. ಕಷ್ಟ ಬಂದಾಗ ನೆಂಟರ ಮನೆಗೆ ಬಂದರು ಎನ್ನಬಹುದು.

ದಕ್ಷಿಣಕ್ಕೆ, ಬುರ್ಗಾಸ್ ಕೊಲ್ಲಿಯ ಆಚೆ ತುದಿಯಲ್ಲಿರುವ ಸೊಜೊಪೊಲ್ ಮಾತ್ರ ಬೇರೆ ಕುಲದ್ದು. ಅದನ್ನು ಕ್ರಿ.ಪೂ. 610ರ ಸುಮಾರಿಗೆ ಮಿಲೆಟಸ್‌ನ ಅಯೋನಿಯನ್ ಗ್ರೀಕರು ಅಪೊಲೋನಿಯಾ ಎಂಬ ಹೆಸರಿನಲ್ಲಿ ಕಟ್ಟಿದರು. ಅಲ್ಲಿ ಕಾಲಮಿಸ್ ಎಂಬ ಶಿಲ್ಪಿ ಮಾಡಿದ ಅಪೊಲೊನ ಕಂಚಿನ ಪ್ರತಿಮೆ ಇತ್ತು. ಎತ್ತರ ಮೂವತ್ತು ಮೊಳ ಎಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ, ಅಂದರೆ ಸುಮಾರು 13 ಮೀಟರ್. ಕ್ರಿ.ಪೂ. 72ರ ಸುಮಾರಿಗೆ ರೋಮನ್ ಸೇನಾನಿ ಮಾರ್ಕಸ್ ಲುಕುಲಸ್ ಊರನ್ನು ಗೆದ್ದು ಆ ಪ್ರತಿಮೆಯನ್ನು ರೋಮಿಗೆ ಸಾಗಿಸಿ ಕ್ಯಾಪಿಟಲ್ ಬೆಟ್ಟದ ಮೇಲೆ ನಿಲ್ಲಿಸಿದನು. ಈ ಎರಡು ನೆರೆಯೂರುಗಳು ಕ್ರಿ.ಪೂ. 2ನೆಯ ಶತಮಾನದಲ್ಲಿ ನಡುವಿನ ಆಂಖಿಯಾಲೊಸ್ ಎಂಬ ಊರಿಗಾಗಿ ಯುದ್ಧವನ್ನೂ ಮಾಡಿಕೊಂಡಿವೆ. ಆಂಖಿಯಾಲೊಸ್ ಎಂದರೆ ಇಂದಿನ ಪೊಮೊರಿಯೆ, ಉಪ್ಪಿನ ಊರು. ಉಪ್ಪಿದ್ದಲ್ಲಿ ಜಗಳ ಇರದೆ ಹೋದೀತೇ?

ನೆಸೆಬರ್‌ನಲ್ಲಿ ನೋಡಬೇಕಾದ್ದು ಸೇತುದಾರಿ ಮುಗಿಯುವಲ್ಲೇ ಇದೆ. ಊರಿನ ಕೋಟೆಬಾಗಿಲು ಮತ್ತು ಅದರ ಎರಡೂ ಬದಿಯ ಗೋಡೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು ಒಂದರ ಮೇಲೊಂದು ಪಟ್ಟೆಯಾಗಿ ಬಂದಿರುವ ಭಾಗ ಬೈಜಾಂಟಿನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ್ದು. ಅದರ ಬುಡದಲ್ಲಿ, ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿದ ದೊಡ್ಡ ಚೌಕದ ಕಲ್ಲುಗಳು ಕಾಣುತ್ತವಲ್ಲ, ಅವು ಗ್ರೀಕ್ ನಗರರಾಜ್ಯದ ಕಾಲದ ಗೋಡೆಯವು. ಊರಿನ ಒಂದಷ್ಟು ಭಾಗವನ್ನು ಸಮುದ್ರ ನುಂಗಿದೆ. ಮುಳುಗುಗಾರರು ನೀರಿನಡಿಯಲ್ಲಿಯೂ ಗೋಡೆಗಳನ್ನು ಗುರುತಿಸಿದ್ದಾರೆ. ಹೀಗಾಗಿ ಅಥೆನ್ಸ್‌ನಲ್ಲಿರುವಂತಹ ಕಂಬಗಳ ಗುಡಿ ಇಲ್ಲಿ ಸಿಗುವುದಿಲ್ಲ ಎಂಬುದನ್ನು ತಮ್ಮ ತಂದೆಯವರಿಗೆ ಮೊದಲೇ ಹೇಳಿಬಿಡಿ.

ಹಳೆ ನಾಣ್ಯ, ಏಪ್ರಿಲ್ 14

ಮೇಷ್ಟ್ರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಬಾಗಿಲು ದಾಟಿದ ಕೂಡಲೇ ಇರುವ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಮೆಸೆಂಬ್ರಿಯಾದ ಬೆಳ್ಳಿ ನಾಣ್ಯಗಳನ್ನು ನೋಡದೆ ಬರಬೇಡಿ. ಕಿರುಬೆರಳಿನ ಉಗುರಿನಷ್ಟು ಅಗಲದವು, ಕ್ರಿ.ಪೂ. 4ನೆಯ ಶತಮಾನದವು. ಒಂದು ಬದಿಯಲ್ಲಿ ಎದುರಿನಿಂದ ಕಾಣುವ ಶಿರಸ್ತ್ರಾಣ, ಇನ್ನೊಂದು ಬದಿಯಲ್ಲಿ ನಾಲ್ಕು ಕಡ್ಡಿಯ ಗಾಲಿ, ಕಡ್ಡಿಗಳ ನಡುವಿನ ನಾಲ್ಕು ಮನೆಗಳಲ್ಲಿ ನಾಲ್ಕು ಅಕ್ಷರ. ಅದನ್ನು ‘ಮೆಟಾ’ ಎಂದು ಓದುವವರೇ ಹೆಚ್ಚು. ಆದರೆ ಮೂರನೆಯ ಅಕ್ಷರ ‘ಟ’ಕಾರವಲ್ಲ. ಅದು ಸಾಂಪಿ ಎಂಬ ಅಕ್ಷರ, ‘ಸ್ಸ’ ಎನ್ನುವ ಉಚ್ಚಾರಕ್ಕೆ ಬಳಸುತ್ತಿದ್ದುದು. ಮುಂದೆ ಭಾಷೆಯಿಂದ ಬಿದ್ದುಹೋಗಿ 900 ಎಂಬ ಸಂಖ್ಯೆಯ ಗುರುತಾಗಿ ಮಾತ್ರ ಉಳಿಯಿತು. ನಮ್ಮ ಹಳಗನ್ನಡದ ಱ, ೞ ಶಾಸನಗಳಲ್ಲಿ ಉಳಿದಂತೆ ಅವರ ಒಂದು ಅಕ್ಷರ ಈ ಗಾಲಿಯೊಳಗೆ ಉಳಿದಿದೆ. ಸೊಜೊಪೊಲ್‌ನ ನಾಣ್ಯಗಳಲ್ಲಿ ಲಂಗರು ಇರುತ್ತದೆ, ಪಕ್ಕದಲ್ಲೊಂದು ಸಿಗಡಿಯಂತಹ ಪ್ರಾಣಿ. ಬಂದರಿನ ಜನ ಎನ್ನಲು ಇನ್ನೇನು ಬೇಕು?

ಅರಸೀಕೆರೆ ಜಂಕ್ಷನ್, ಏಪ್ರಿಲ್ 15

ಮೇಷ್ಟ್ರೇ, ತಾವು ಹೇಳಿದ ಗೋಡೆಗೆ ಒರಗಿಕೊಂಡೇ ನಾನು ಐಸ್‌ಕ್ರೀಂ ತಿಂದಿದ್ದೇನೆಂದು ಈಗ ಗೊತ್ತಾಯಿತು. ಆದರೂ ನನ್ನ ತಕರಾರು ಉಳಿದಿದೆ. ಆ ಊರಿನ ಹೆಗ್ಗಳಿಕೆಯೆಂದು ಎಲ್ಲರೂ ತೋರಿಸುವುದು ಇಗರ್ಜಿಗಳನ್ನು. ಅವುಗಳಲ್ಲಿ ಹೆಚ್ಚಿನವು 11, 13, 14ನೆಯ ಶತಮಾನದವು. ಗೋಡೆಯ ಬುಡದ ನಾಲ್ಕು ಕಲ್ಲು, ಗಾಜಿನ ಪೆಟ್ಟಿಗೆಯ ನಾಲ್ಕು ನಾಣ್ಯ ಇಟ್ಟುಕೊಂಡು ಗ್ರೀಕ್ ಊರು ಎಂದರೆ ಒಪ್ಪಬೇಕೇ?

ಸೋಫಿಯಾ ನಿವಾಸಿ, ಏಪ್ರಿಲ್ 15

ಈ ಪ್ರಶ್ನೆಯನ್ನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಪ್ರವಾಸಿಗರಿಗಾಗಿ ಹಾಕಿರುವ ಫಲಕಗಳು ಈ ವಿಷಯದಲ್ಲಿ ಅರ್ಧ ದಾರಿಗೇ ನಿಲ್ಲುತ್ತವೆ. ಗ್ರೀಕರು ಕ್ರಿಸ್ತಪೂರ್ವದಲ್ಲಿ ಬಂದರು, ರೋಮನ್ನರು ಗೆದ್ದರು, ಅಲ್ಲಿಗೆ ಗ್ರೀಕರ ಕಥೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಊರು ಬೈಜಾಂಟಿನ್ ಸಾಮ್ರಾಜ್ಯದ ಕೈಯಲ್ಲಿದ್ದಾಗ, 812ರಲ್ಲಿ ಬಲ್ಗೇರಿಯಾದ ಖಾನ್ ಕ್ರುಮ್ ಅದನ್ನು ಗೆದ್ದು ಬೆಂಕಿ ಉಗುಳುವ 36 ಕಂಚಿನ ಕೊಳವೆಗಳನ್ನು ವಶಪಡಿಸಿಕೊಂಡಾಗ, ಮುಂದೆ ಬಲ್ಗೇರಿಯಾ ಮತ್ತು ಬೈಜಾಂಟಿನ್ ದೊರೆಗಳ ನಡುವೆ ಅತ್ತಿಂದಿತ್ತ ಕೈಬದಲಾದಾಗ, 1453ರಲ್ಲಿ ಒಟ್ಟೋಮನ್ ತುರ್ಕರ ಪಾಲಾದಾಗ, ಎಲ್ಲ ಕಾಲದಲ್ಲಿಯೂ ಆ ಬಂಡೆಯ ಮೇಲೆ ಗ್ರೀಕ್ ಮಾತು ಇದ್ದೇ ಇತ್ತು. ಮೇಲ್ಮಹಡಿ ಓಣಿಯ ಮೇಲಕ್ಕೆ ಚಾಚಿಕೊಂಡಿರುವ, ಕೆಳಗೆ ಕಲ್ಲು ಮೇಲೆ ಮರದ ಆ ಮನೆಗಳನ್ನು 19ನೆಯ ಶತಮಾನದಲ್ಲಿ ಕಟ್ಟಿಸಿ ವಾಸವಿದ್ದವರಲ್ಲಿಯೂ ಗ್ರೀಕ್ ಮಾತಾಡುವ ಮೀನುಗಾರರು, ಹಡಗಿನವರು ಬಹಳ ಮಂದಿ.

ಕಥೆ ಮುಗಿದದ್ದು 20ನೆಯ ಶತಮಾನದಲ್ಲಿ. 1906ರಲ್ಲಿ ಗ್ರೀಕರ ವಿರುದ್ಧ ಗಲಭೆಗಳಾಗಿ ಆಂಖಿಯಾಲೊಸ್ ಸುಟ್ಟುಹೋಯಿತು. ಅಲ್ಲಿಂದ ಓಡಿದವರು ಗ್ರೀಸಿನ ವೊಲೊಸ್ ಬಳಿ ನೆಲಸಿ ತಮ್ಮ ಊರಿಗೆ ನೆಯಾ ಆಂಖಿಯಾಲೊಸ್, ಅಂದರೆ ಹೊಸ ಆಂಖಿಯಾಲೊಸ್, ಎಂದು ಹೆಸರಿಟ್ಟರು. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಂತೆ ಬಲ್ಗೇರಿಯಾ ಮತ್ತು ಗ್ರೀಸ್ ನಡುವೆ ಜನರ ವಿನಿಮಯ ನಡೆದಾಗ ನೆಸೆಬರ್ ಮತ್ತು ಸೊಜೊಪೊಲ್‌ನ ಗ್ರೀಕರಲ್ಲಿ ಹೆಚ್ಚಿನವರು ಹೊರಟುಹೋದರು. ಥೆಸಲೊನೀಕಿ ಹತ್ತಿರ ಇಂದಿಗೂ ನೆಯಾ ಮೆಸಿಂವ್ರಿಯಾ ಎಂಬ ಊರಿದೆ. ಅವರು ಬಿಟ್ಟುಹೋದ ಮನೆಗಳಿಗೆ ಗ್ರೀಸಿನ ಕಡೆಯಿಂದ ಹೊರಟುಬಂದ ಬಲ್ಗೇರಿಯನ್ ನಿರಾಶ್ರಿತರು ಬಂದು ಸೇರಿದರು. ಹೀಗಾಗಿ ನೆಸೆಬರ್‌ನ ಗ್ರೀಕರು ಎರಡೂವರೆ ಸಾವಿರ ವರ್ಷಗಳಷ್ಟು ದೂರದವರಲ್ಲ, ನಮ್ಮ ಮುತ್ತಜ್ಜಂದಿರ ಓರಗೆಯವರು. ಅರಸೀಕೆರೆಯವರು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ಅಂಗಡಿಯ ಮುಂದೆ ನಿಂತಾಗ ಟೀ ಶರ್ಟುಗಳ ಮೇಲಕ್ಕೆ ತಲೆಯೆತ್ತಿ ಆ ಮರದ ಮಹಡಿಯನ್ನೂ ಒಮ್ಮೆ ನೋಡಿ.

ಯುನೆಸ್ಕೊ 1983ರಲ್ಲಿ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಮನೆಗಳಿಗೆ ಬೇಕಾಬಿಟ್ಟಿ ಮಹಡಿ ಏರಿಸುವುದು, ಅಂಗಡಿ ಚಾಚುವುದು ನಡೆದಿರುವುದರ ಬಗ್ಗೆ ಅದರ ಸಮಿತಿ ಹಲವು ಬಾರಿ ಕಳವಳವನ್ನೂ ವ್ಯಕ್ತಪಡಿಸಿದೆ. ಆ ವಿಷಯದಲ್ಲಿ ಅರಸೀಕೆರೆಯವರ ಸಿಟ್ಟಿಗೆ ನನ್ನ ಪೂರ್ಣ ಬೆಂಬಲವಿದೆ.

ನಿರ್ವಾಹಕರು, ಏಪ್ರಿಲ್ 16

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪ್ರಾಚೀನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಕುರಿತು ಬಂದ ಏಳು ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ವರ್ಗಾಯಿಸಲಾಗಿದೆ. ದಯವಿಟ್ಟು ಪ್ರವಾಸಕ್ಕೆ ಸಂಬಂಧಿಸಿದ್ದನ್ನು ಮಾತ್ರ ಇಲ್ಲಿ ಬರೆಯಿರಿ.

ಸಾಗರದ ಸೊಸೆ, ಏಪ್ರಿಲ್ 16

ಊಟದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಗಂಡಸರ ಚರ್ಚೆ ಕ್ರಿಸ್ತಪೂರ್ವದಿಂದ ಈಚೆಗೆ ಬಂದರೆ ತಾನೇ! ಅಕ್ಕ, ಹೆದರಬೇಡಿ. ತರತೋರ್ ಎಂದು ಕೇಳಿ. ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ, ತೆಳುವಾಗಿ ಕಡೆದ ಮೊಸರಿಗೆ ಹಾಕಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಕ್ರೋಟಿನ ಚೂರು ಸೇರಿಸಿ ತಣ್ಣಗೆ ಕೊಡುತ್ತಾರೆ. ಒಗ್ಗರಣೆ ಇಲ್ಲದ ತಂಬುಳಿ ಎಂದುಕೊಂಡರೆ ಸರಿಹೋಯಿತು. ಸುಟ್ಟ ಬದನೆಕಾಯಿ ಮತ್ತು ದೊಣ್ಣೆಮೆಣಸಿನ ಕ್ಯೋಪೊಲು ನಮ್ಮ ಬದನೆಕಾಯಿ ಗೊಜ್ಜಿನ ದಾಯಾದಿ. ಟೊಮ್ಯಾಟೊ, ಸೌತೆಕಾಯಿಯ ಮೇಲೆ ಬಿಳಿ ಚೀಸ್ ತುರಿದು ಹಾಕುವ ಶೋಪ್ಸ್ಕಾ ಸಲಾಡ್ ಎಲ್ಲೆಡೆ ಸಿಗುತ್ತದೆ. ಬೆಳಿಗ್ಗೆಗೆ ಬೇಕರಿಯ ಬಾನಿತ್ಸಾ, ಚೀಸ್ ತುಂಬಿದ ಪದರುಗಳದ್ದು. ಅದರಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಬಿಡಬೇಕು. ಅಕ್ಕಿ ಸಿಗುತ್ತದೆ, ಒಂದು ಪುಟ್ಟ ಕುಕ್ಕರ್ ಜೊತೆಗಿದ್ದರೆ ಅತ್ತೆ ಮಾವಂದಿರ ಜೊತೆ ಪ್ರವಾಸ ಮಾಡಿದ ನನ್ನ ಅನುಭವದಲ್ಲಿ ಅರ್ಧ ಜಗಳ ತಪ್ಪುತ್ತದೆ.

ಕುಮಟೆಯವಳು, ಸೆಪ್ಟೆಂಬರ್ 24

ಹೋಗಿ ಬಂದೆವು. ತಮ್ಮೆಲ್ಲರ ಮಾತು ಕೇಳಿ ಹಳೆಯ ಊರಿನೊಳಗೆ ಮೂರು ರಾತ್ರಿ, ಸೊಜೊಪೊಲ್‌ನಲ್ಲಿ ಎರಡು ರಾತ್ರಿ ಇದ್ದೆವು. ಈ ಹಂಚಿಕೆಯನ್ನೇ ಇತರರಿಗೂ ಸೂಚಿಸುತ್ತೇನೆ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಅಪ್ಪನನ್ನು ಕರೆದುಕೊಂಡು ಹೊರಟೆ. ಅಂಗಡಿಗಳ ಷಟರ್ ಇನ್ನೂ ಎತ್ತಿರಲಿಲ್ಲ, ಒಬ್ಬಾಕೆ ಮನೆಯ ಮುಂದಿನ ಕಲ್ಲಿಗೆ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದಳು. ಊರ ನಡುವಿನ ಸಂತ ಸೋಫಿಯಾ ಇಗರ್ಜಿಗೆ ಛಾವಣಿಯಿಲ್ಲ, ಬಾಗಿಲಿಲ್ಲ, ಟಿಕೆಟ್ಟೂ ಇಲ್ಲ. ಕಮಾನುಗಳ ನಡುವೆ ಬೆಕ್ಕೊಂದು ಮಲಗಿತ್ತು. ಅಪ್ಪ ಕೋಟೆಬಾಗಿಲಿನ ಬುಡದ ಚೌಕದ ಕಲ್ಲುಗಳ ಸಂದಿನಲ್ಲಿ ಉಗುರು ತೂರಿಸಲು ನೋಡಿದರು, ಆಗಲಿಲ್ಲ. ಹತ್ತು ನಿಮಿಷ ಒಂದೂ ಮಾತಾಡದೆ ಅಲ್ಲೇ ನಿಂತರು. ವಸ್ತುಸಂಗ್ರಹಾಲಯದಲ್ಲಿ ಸಾಂಪಿ ಅಕ್ಷರವನ್ನು ಡೈರಿಯಲ್ಲಿ ಬರೆದುಕೊಂಡರು; ಹಳೆ ನಾಣ್ಯ ಅವರಿಗೆ ಅಪ್ಪನ ವಿಶೇಷ ನಮಸ್ಕಾರಗಳು.

ಅಮ್ಮ ಕಂಡುಹಿಡಿದದ್ದು ಬೇರೆ. ಪ್ಯಾಂಟೊಕ್ರೇಟರ್ ಇಗರ್ಜಿಯ ಹಿಂಬದಿಯ ಗೋಡೆಯ ಮೇಲೆ, ಹಸಿರು ಮೆರುಗಿನ ಸಣ್ಣ ಸಣ್ಣ ಮಣ್ಣಿನ ಬಿಲ್ಲೆಗಳನ್ನು ಒತ್ತಿ ಕೂರಿಸಿರುವ ಸಾಲಿನ ಹತ್ತಿರ, ಇಟ್ಟಿಗೆಯಲ್ಲೇ ಸ್ವಸ್ತಿಕಗಳ ಒಂದು ಪಟ್ಟಿ ಇದೆ. ಅಮ್ಮನಿಗೆ ಅದು ನಮ್ಮ ಮನೆ ಬಾಗಿಲಿನ ಗುರುತು. ಜರ್ಮನಿಯಲ್ಲಿರುವ ನನಗೆ ಆ ಗುರುತು ಕಂಡ ಕೂಡಲೇ ಮೈ ಬಿಗಿಯಾಗುತ್ತದೆ. ಅದು ಮಧ್ಯಯುಗದ ಸೂರ್ಯನ ಚಿಹ್ನೆ ಎಂದು ತಿಳಿದ ಮೇಲೆ ಇಬ್ಬರೂ ಒಂದೇ ಫೋಟೋದಲ್ಲಿ ನಿಂತೆವು. ಸಂತ ಸ್ಟೀಫನ್ ಇಗರ್ಜಿಗೆ ಟಿಕೆಟ್ ಇದೆ, ಕೊಡಲೇಬೇಕು. ನೆಲದಿಂದ ಮಾಡಿನವರೆಗೆ ಒಂದಂಗುಲ ಬಿಡದೆ ಚಿತ್ರಗಳು.

ಕಡಲಿನ ವಿಷಯ ಹೇಳದಿದ್ದರೆ ಕುಮಟೆಯವಳು ಎಂಬ ಹೆಸರಿಗೆ ಅವಮಾನ. ಅಪ್ಪ ಎರಡು ದಿನ ಅದೇ ಬಂಡೆಯ ಗುರುತು ಹಿಡಿದು ಕಾದರು, ನೀರು ಏರಲಿಲ್ಲ, ಇಳಿಯಲಿಲ್ಲ. “ಇದಕ್ಕೆ ಭರತ ಇಳಿತ ಇಲ್ಲವೇನೇ?” ಎಂದು ಕೇಳಿದರು. ಕಪ್ಪು ಸಮುದ್ರದಲ್ಲಿ ಅದು ಕಣ್ಣಿಗೆ ಬೀಳುವಷ್ಟಿಲ್ಲ. ಬಂದರು ಕಟ್ಟಿದ ಗ್ರೀಕರಿಗೆ ನೀರು ಇಳಿದು ದೋಣಿ ಕೆಸರಿನಲ್ಲಿ ಸಿಕ್ಕಿಬೀಳುವ ಚಿಂತೆ ಇರಲಿಲ್ಲ ಎಂದು ಅಪ್ಪ ಅಲ್ಲೇ ಪಾಠ ಆರಂಭಿಸಿದರು. ಅಮ್ಮ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು “ಸಪ್ಪೆ” ಎಂದು ಉಗುಳಿದರು. ದೊಡ್ಡ ನದಿಗಳ ನೀರು ಸೇರುವುದರಿಂದ ಇಲ್ಲಿನ ಉಪ್ಪು ಮಹಾಸಾಗರದ ಅರ್ಧದಷ್ಟೇ. ಅಂಥ ಸಪ್ಪೆ ನೀರಿನಿಂದಲೂ ಪೊಮೊರಿಯೆಯವರು ಉಪ್ಪು ತೆಗೆಯುತ್ತಾರೆ! ದಾರಿಯಲ್ಲಿ ಇಳಿದು ಅಲ್ಲಿನ ಉಪ್ಪಿನ ವಸ್ತುಸಂಗ್ರಹಾಲಯವನ್ನೂ ಗದ್ದೆಗಳನ್ನೂ ನೋಡಿದೆವು. ಮರದ ಹಲಗೆ, ಕೋಲುಗಳಿಂದ ಉಪ್ಪು ಎಳೆಯುವ ರೀತಿ ನಮ್ಮ ಸಾಣಿಕಟ್ಟಾದ ಆಗರವನ್ನು ನೆನಪಿಸಿತು. ಅಮ್ಮನ ತವರು ಆ ಕಡೆಯದು. ಗದ್ದೆಯ ಅಂಚು ಕಟ್ಟಿದ್ದರಲ್ಲಿ ತಪ್ಪು ಹುಡುಕುತ್ತ ಅರ್ಧ ತಾಸು ಕಳೆದರು.

ಸೊಜೊಪೊಲ್‌ನಲ್ಲಿ ಅಪೊಲೊನ ಪ್ರತಿಮೆಯ ಕುರುಹೂ ಇಲ್ಲ, ಆದರೆ ಊರು ಹೆಚ್ಚು ಊರಿನಂತಿದೆ. ಓಣಿಯಲ್ಲಿ ಅಂಜೂರದ ಮರಗಳು, ಮನೆಯ ಮುಂದೆ ಸ್ಟೂಲಿನ ಮೇಲೆ ಹಸಿರು ಅಂಜೂರದ ಮುರಬ್ಬದ ಬಾಟಲಿಗಳು. ಮಾರುತ್ತಿದ್ದ ಅಜ್ಜಿಗೆ ಅಮ್ಮ ಕನ್ನಡದಲ್ಲಿ “ಸಕ್ಕರೆ ಜಾಸ್ತಿಯೇ?” ಎಂದರು. ಅಜ್ಜಿ ತಲೆಯನ್ನು ಅತ್ತಿತ್ತ ಆಡಿಸಿದರು, ಅಮ್ಮನೂ ಆಡಿಸಿದರು. ನಾಲ್ಕು ಬಾಟಲಿ ಕುಮಟೆಗೆ ಹೋಗಿವೆ.

ಸೋಫಿಯಾ ನಿವಾಸಿಯವರಿಗೆ ಒಂದು ಮಾತು. ನೆಸೆಬರ್‌ನಲ್ಲಿ ನಾವಿದ್ದ ಮನೆಯ ಯಜಮಾನರ ಅಜ್ಜ ಈಗಿನ ಗ್ರೀಸಿನ ಒಂದು ಹಳ್ಳಿಯಿಂದ ಬಂದವರಂತೆ. ತಮಗಿಂತ ಮೊದಲು ಆ ಮನೆಯಲ್ಲಿದ್ದವರ ಮೊಮ್ಮಕ್ಕಳು ಒಮ್ಮೆ ಬಂದು, ಮೇಲಿನ ಕೋಣೆಯ ಕಿಟಕಿಯನ್ನು ತೆರೆದು ನೋಡಿ, ಕಾಫಿ ಕುಡಿದು ಹೋದರು ಎಂದು ಅವರು ಹೇಳಿದರು. ನಾವು ಮಲಗುತ್ತಿದ್ದುದು ಅದೇ ಕೋಣೆಯಲ್ಲಿ.

ಅರಸೀಕೆರೆ ಜಂಕ್ಷನ್, ಸೆಪ್ಟೆಂಬರ್ 25

ಮೇಡಂ, ಸೋತೆ. ಬರುವ ಮೇ ತಿಂಗಳಲ್ಲಿ ಹೆಂಡತಿಯ ಜೊತೆ ಮತ್ತೊಮ್ಮೆ ಹೋಗುವ ಯೋಚನೆ ಇದೆ. ಆಗ ನೀರಿಗೆ ಇಳಿಯಬಹುದೇ?

ಸೋಫಿಯಾ ನಿವಾಸಿ, ಸೆಪ್ಟೆಂಬರ್ 25

ಮೇ ತಿಂಗಳಲ್ಲಿ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ, ಹಲವು ಊಟದ ಮನೆಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ. ಈಜುವ ಆಸೆಯಿದ್ದರೆ ಜೂನ್ ಮಧ್ಯದವರೆಗೆ ಕಾಯಿರಿ; ಗೋಡೆ ನೋಡುವುದಕ್ಕಾದರೆ ಮೇ ತಿಂಗಳೇ ಸರಿ.